ಕೆಂಪು ಶಾಯಿಯ ರಿಜಿಸ್ಟರು

ಅರ್ಥಶಾಸ್ತ್ರದ ಮೇಷ್ಟ್ರು ಹೋಗಿಬಿಟ್ಟರು ಅಂತ ಸುದ್ದಿ ಬಂದಾಗ ನಮ್ಮ ಬಿ.ಎ. ಬ್ಯಾಚಿನವರ ಕಣ್ಣಿಗೆ ಕಟ್ಟಿದ್ದು ಸ್ಟಾಫ್ ರೂಮಿನ ಕಿಟಕಿ ಪಕ್ಕದ ಮೇಜು, ಉದ್ದನೆಯ ಬೈಂಡ್ ರಿಜಿಸ್ಟರು, ಕೆಂಪು ಪೆನ್ನು. ಅವರು ಮಾಡಿದ ಪಾಠ ಹೆಚ್ಚಿನವರಿಗೆ ಮರೆತೇಹೋಗಿದೆ. ಕಾಲೇಜಿನ ವಿದ್ಯಾರ್ಥಿವೇತನದ ಹೊಣೆ ಅವರದು.

ಮಕ್ಕಳನ್ನು ಒಬ್ಬರೇ ಸಾಕಿಕೊಂಡು ಓದಲು ಬಂದ ಅಕ್ಕಂದಿರು ನಮ್ಮ ತರಗತಿಯಲ್ಲಿ ಮೂವರಿದ್ದರು. ಅವರ ಅರ್ಜಿಯನ್ನು ಮೇಷ್ಟ್ರು ಪ್ರವೇಶ ಮುಗಿದ ವಾರವೇ ಕೈಗೆತ್ತಿಕೊಳ್ಳುತ್ತಿದ್ದರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಪಾಸ್‌ಬುಕ್ಕು ಮೂರನ್ನೂ ಸಾಲಾಗಿಟ್ಟು ಹೆಸರನ್ನು ಒಂದೊಂದೇ ಅಕ್ಷರ ಓದಿಸುವರು. ಮದುವೆಯಾದವರ ಕಾಗದ ಕೆಡುವುದೇ ಇಲ್ಲಿ. ಅಂಕಪಟ್ಟಿಯಲ್ಲಿ ಅಪ್ಪನ ಇನಿಷಿಯಲ್, ಆಧಾರಿನಲ್ಲಿ ಗಂಡನ ಹೆಸರು, ಪಾಸ್‌ಬುಕ್ಕಿನಲ್ಲಿ ಎರಡೂ ಇಲ್ಲ. ವಿದ್ಯಾರ್ಥಿವೇತನದ ಅರ್ಜಿ ಹಾಕುವ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್ಲಿಗೆ ಅದು ಬೇರೆ ಬೇರೆ ಮನುಷ್ಯರು. "ಮೊದಲು ಆಧಾರ್ ಸರಿಮಾಡಿಸ್ಕೊಂಡು ಬಾಮ್ಮ, ಅರ್ಜಿ ಆಮೇಲೆ" ಎನ್ನುವರು.

ಎರಡನೆಯದು ನಾಡಕಚೇರಿಯ ಕಾಗದ. ಜಾತಿ ಸಾಮಾನ್ಯವಾಗಿ ಅಪ್ಪನ ಕಡೆಯಿಂದ ಬರುತ್ತದೆ, ಮದುವೆಯಾದರೂ ಬದಲಾಗದು. ಆದಾಯ ಹಾಗಲ್ಲ. ಆದಾಯ ಪತ್ರ 5 ವರ್ಷ ನಡೆಯುತ್ತದಾದ್ದರಿಂದ ಗಂಡ ತೀರಿಕೊಂಡ ಮೇಲೂ ಅವನ ದುಡಿಮೆ ಸೇರಿದ ಹಳೆಯ ಮೊತ್ತವೇ ಅದರಲ್ಲಿ ಉಳಿದಿರುತ್ತದೆ. ಪರಿಶಿಷ್ಟರ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಆಗ ವರ್ಷದ ಆದಾಯದ ಮಿತಿ 2.5 ಲಕ್ಷ. ಹಳೆಯ ಪತ್ರದಿಂದಲೇ ಅರ್ಜಿ ಬಿದ್ದುಹೋದದ್ದುಂಟು. ಮರಣಪತ್ರ ಇಟ್ಟು ಹೊಸ ಆದಾಯ ಪತ್ರಕ್ಕೆ ಅರ್ಜಿ ಹಾಕಿಸಿ, ಪತ್ರದ ಮೇಲಿನ ಹೊಸ ಆರ್‌ಡಿ ಸಂಖ್ಯೆ ಬಂದ ಮೇಲೆಯೇ ಮೇಷ್ಟ್ರು ರಿಜಿಸ್ಟರಿನಲ್ಲಿ ಕೆಂಪು ಗೆರೆ ಎಳೆಯುತ್ತಿದ್ದದ್ದು.

ಬ್ಯಾಂಕಿನ ವಿಷಯದಲ್ಲಿ ಅವರು ಬಲು ಬಿಗಿ. ಆಧಾರ್ ಮೂಲಕ ಬರುವ ಹಣ ನಾವು ಬರೆದುಕೊಟ್ಟ ಖಾತೆ ಸಂಖ್ಯೆಯನ್ನು ನೋಡುವುದಿಲ್ಲ, ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಖಾತೆಗೆ ಹೋಗಿ ಬೀಳುತ್ತದೆ. ಸಂಘದ ಸಾಲಕ್ಕೆಂದು ತೆರೆದ ಖಾತೆಗೆ ಬಿದ್ದರೆ ಕಂತಿಗೆ ಮುರಿದುಕೊಳ್ಳುವ ಭಯ. ಎರಡು ವರ್ಷ ವಹಿವಾಟು ನಡೆಸದ ಖಾತೆಯಾದರೆ ಅದು ನಿಷ್ಕ್ರಿಯ. ಅದಕ್ಕೇ ಪ್ರತಿಯೊಬ್ಬರಿಂದಲೂ ಜೋಡಣೆಯ ಸ್ಥಿತಿಯನ್ನು ಆಧಾರ್ ವೆಬ್‌ಸೈಟಿನಲ್ಲಿ ತೆಗೆಸಿ ನೋಡುತ್ತಿದ್ದರು. ಒಟಿಪಿ ಬರುವ ಮೊಬೈಲ್ ಸಂಖ್ಯೆ ಸೈಬರ್ ಅಂಗಡಿಯವನದ್ದಾಗಿದ್ದರೆ ಅವತ್ತು ಬೈಗುಳ ಖಾತ್ರಿ.

ಇಷ್ಟಾದರೂ ಹಣ ಸಮಯಕ್ಕೆ ಬರುತ್ತಿರಲಿಲ್ಲ. ಹಾಸ್ಟೆಲ್ ಸಿಗದವರ ಊಟ-ವಸತಿಗೆಂದು ಸರ್ಕಾರ ಕೊಡುವ ವಿದ್ಯಾಸಿರಿಯಲ್ಲಿ ಆಗ ತಿಂಗಳಿಗೆ 1,500ರಂತೆ 10 ತಿಂಗಳ ಲೆಕ್ಕ, ಬರುತ್ತಿದ್ದದ್ದು ವರ್ಷದ ಕೊನೆಗೆ. ಪರೀಕ್ಷಾ ಶುಲ್ಕ ಮಾತ್ರ ಕಾಯುವುದಿಲ್ಲವಲ್ಲ. "ಈ ವರ್ಷದ ದುಡ್ಡು ಬರೋ ವರ್ಷದ ಫೀಸಿಗೆ ಅಂದ್ಕೊಳ್ಳಿ" ಎಂದು ಮೊದಲೇ ಹೇಳಿ, ಕಂತಿನಲ್ಲಿ ಕಟ್ಟಲು ಪ್ರಿನ್ಸಿಪಾಲರಿಂದ ಒಪ್ಪಿಗೆ ಬರೆಸಿಕೊಡುತ್ತಿದ್ದರು. ಹಾಜರಿಗೂ ಲೆಕ್ಕವಿತ್ತು. ಶೇ. 75 ಬೇಕು, ಅಂದರೆ 60 ತರಗತಿಯಲ್ಲಿ 15 ತಪ್ಪಿಸಬಹುದು. ಆ 15ನ್ನು ಮಳೆಗಾಲಕ್ಕೆ, ಮಗುವಿನ ಜ್ವರಕ್ಕೆ ಉಳಿಸಿಡಿ ಎನ್ನುವರು. ಎಷ್ಟು ದೊಡ್ಡ ಮಾತು ಅದು.

ಇಂಟರ್ನಲ್ಸಿನ ದಿನ ಅಂಗನವಾಡಿಗೆ ರಜೆ. ಅಕ್ಕನೊಬ್ಬರ ನಾಲ್ಕು ವರ್ಷದ ಮಗನನ್ನು ಹುಡುಗರು ಹೊತ್ತುಕೊಂಡು ಹೋಗಿ ಮೇಷ್ಟ್ರ ಮೇಜಿನ ಕೆಳಗೆ ಕೂರಿಸಿದರು, ಕೈಗೆ ಕಡಲೆಮಿಠಾಯಿ ಕೊಟ್ಟು. ಪರೀಕ್ಷೆ ಮುಗಿಯುವಷ್ಟರಲ್ಲಿ ಮಿಠಾಯಿಯೂ ಮುಗಿದಿತ್ತು, ರಿಜಿಸ್ಟರೂ ಅವನ ಕೈ ಸೇರಿತ್ತು. ಮೇಷ್ಟ್ರು ಹುಡುಗರ ಕಿವಿ ಹಿಂಡಿದರು. ಮಗುವಿಗೆ ಒಂದು ಮಾತೂ ಅನ್ನಲಿಲ್ಲ.

ಈಗಿನ ಕಾಲೇಜುಗಳಲ್ಲಿ ಕೊನೆಯ ದಿನಾಂಕ ವಾಟ್ಸಾಪ್ ಗುಂಪಿಗೆ ಬರುತ್ತದೆ, ಕೆಳಗೆ ಒಂದಷ್ಟು ಕೈಮುಗಿಯುವ ಚಿತ್ರ. ಎದುರಿಗೆ ಕೂತು ಹೆಸರು ಓದಿಸುವವರಿಲ್ಲ. ಇದು ಸರಿಯಲ್ಲ. ನಮ್ಮ ಮೂವರು ಅಕ್ಕಂದಿರೂ ಮೂರೇ ವರ್ಷದಲ್ಲಿ ಪದವಿ ಮುಗಿಸಿದರು. ನಮ್ಮ ಬ್ಯಾಚಿಗೆ ಇವತ್ತಿಗೂ ಅದೇ ಹೆಮ್ಮೆ.

ಶ್ರದ್ಧಾಂಜಲಿಯ ದಿನ ಆ ರಿಜಿಸ್ಟರನ್ನು ತೆರೆದಿಟ್ಟಿದ್ದರು. ಖಾತೆ ಸಂಖ್ಯೆಯ ಕಾಲಮ್ಮಿಗೆ ಅಡ್ಡಲಾಗಿ ನೀಲಿ ಪೆನ್ನಿನ ಆಟೋರಿಕ್ಷಾ, ಮೂರು ಚಕ್ರ. ಚಕ್ರದಡಿ ಸಿಕ್ಕಿಕೊಂಡಿದ್ದ ಸಂಖ್ಯೆಯನ್ನು ಮೇಷ್ಟ್ರು ಪಕ್ಕದ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಮತ್ತೆ ದುಂಡಗೆ ಬರೆದು, ಸಹಿ ಹಾಕಿದ್ದರು.