ಮೇಲ್ ಸಿಕ್ಕಿತು, ಫೋಲ್ಡರ್ ಎಲ್ಲಿ?

ದಾವಣಗೆರೆಯಲ್ಲಿ ನನ್ನದು ಕಂಪ್ಯೂಟರ್ ಸರ್ವಿಸ್ ಕೆಲಸ. ಮಂಡಿಪೇಟೆಯ ಅಂಗಡಿಗಳು, ಅಕ್ಕಿ ಗಿರಣಿಗಳು, ಆಡಿಟರ್ ಆಫೀಸುಗಳು ನನ್ನ ಗಿರಾಕಿಗಳು. ಇವರಲ್ಲಿ ಬಹಳ ಜನ ಇವತ್ತಿಗೂ ಔಟ್‌ಲುಕ್‌ನಲ್ಲೇ ಮೇಲ್ ನೋಡುತ್ತಾರೆ. ವರ್ಷಗಟ್ಟಲೆಯ ಪತ್ರವ್ಯವಹಾರ ಒಂದೇ ಪಿಎಸ್‌ಟಿ ಫೈಲಿನಲ್ಲಿ ತುಂಬಿರುತ್ತದೆ. ಆ ಫೈಲ್ ಕೆಟ್ಟ ದಿನ ಎಲ್ಲರೂ ಕೇಳುವ ಪ್ರಶ್ನೆ, "ಮೇಲ್ ವಾಪಸ್ ಬರ್ತಾವಾ?" ಬಹುಪಾಲು ಬರುತ್ತವೆ. ನಿಜವಾದ ಕೆಲಸ ಇರುವುದು ಫೋಲ್ಡರ್‌ಗಳದ್ದು. ಆ ಪ್ರಶ್ನೆಯನ್ನು ಮೊದಲ ದಿನ ಯಾರೂ ಕೇಳುವುದಿಲ್ಲ.

ಮೆಕ್ಕೆಜೋಳದ ವ್ಯಾಪಾರ ಮಾಡುವ ಒಂದು ಆಫೀಸಿನ ವಿಷಯ ಹೇಳುತ್ತೇನೆ. ಕೋಳಿ ಆಹಾರದ ಕಂಪನಿಗಳಿಗೆ ಮಾಲು ಕಳಿಸುತ್ತಾರೆ. ಔಟ್‌ಲುಕ್ ತೆರೆದಿದ್ದಾಗಲೇ ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಹಳೆಯದು, ಅದೂ ಕೈಕೊಟ್ಟಿತು. ಆಮೇಲೆ ಫೈಲ್ ತೆರೆಯಲೇ ಇಲ್ಲ. ಆಫೀಸಿನ ಹುಡುಗ ಯಾವುದೋ ವಿಡಿಯೋ ನೋಡಿ, ಔಟ್‌ಲುಕ್ ಜೊತೆಗೇ ಬರುವ ಸ್ಕ್ಯಾನ್‌ಪಿಎಸ್‌ಟಿ ರಿಪೇರಿ ಟೂಲ್ ಓಡಿಸಿದ್ದ. ಫೈಲ್ ತೆರೆಯಿತು. ಆದರೆ ಸಾವಿರಾರು ಮೇಲ್ 'ಲಾಸ್ಟ್ ಅಂಡ್ ಫೌಂಡ್' ಅನ್ನುವ ಒಂದೇ ಫೋಲ್ಡರಿನಲ್ಲಿ ರಾಶಿ ಬಿದ್ದಿದ್ದವು. ಸಾಹುಕಾರರು ನನಗೆ ಫೋನ್ ಮಾಡಿ, "ಎಲ್ಲಾ ಐತಪ್ಪ, ಆದ್ರೆ ಏನೂ ಸಿಗ್ತಿಲ್ಲ" ಅಂದರು. ಸಮಸ್ಯೆಯನ್ನು ಇದಕ್ಕಿಂತ ಸರಿಯಾಗಿ ಯಾರೂ ಹೇಳಿದ್ದು ನಾನು ಕೇಳಿಲ್ಲ.

ಅವರ ಫೋಲ್ಡರ್ ಕ್ರಮ ಹೀಗಿತ್ತು. ಪಾರ್ಟಿ ಹೆಸರು, ಅದರೊಳಗೆ ವರ್ಷ, ವರ್ಷದೊಳಗೆ ಬಿಲ್, ತೂಕದ ಚೀಟಿ, ಕಡಿತ. ತೇವಾಂಶ ಜಾಸ್ತಿ ಇದೆ ಅಂತ ಕಂಪನಿಯವರು ದುಡ್ಡು ಹಿಡಿದ ಮೇಲ್‌ಗಳೆಲ್ಲ 'ಕಡಿತ'ದಲ್ಲಿ. ಯಾವ ಪಾರ್ಟಿ ಜೊತೆ ಲೆಕ್ಕ ಬಾಕಿ ಇದೆ ಅನ್ನುವುದು ಆ ಜೋಡಣೆಯಿಂದಲೇ ಗೊತ್ತಾಗುತ್ತಿತ್ತು. ಅದನ್ನು ಅಲ್ಲಿ ಲೆಕ್ಕ ಬರೆಯುವ ಅಕ್ಕ ವರ್ಷಗಳಿಂದ ಕೈಯಾರೆ ಮಾಡಿಕೊಂಡು ಬಂದಿದ್ದರು.

ಒಂದು ಒಳ್ಳೆಯದಾಗಿತ್ತು. ರಿಪೇರಿಗೆ ಮುಂಚೆ ಬ್ಯಾಕಪ್ ಮಾಡುವ ಟಿಕ್ ಗುರುತನ್ನು ಹುಡುಗ ತೆಗೆದಿರಲಿಲ್ಲ. ಹಾಗಾಗಿ ಡಾಟ್ ಬಿಎಕೆ ಅನ್ನುವ ಮೂಲ ನಕಲು ಅಲ್ಲೇ ಇತ್ತು. ಸ್ಕ್ಯಾನ್‌ಪಿಎಸ್‌ಟಿ ಕೆಟ್ಟ ಫೈಲಿನ ಮೇಲೆಯೇ ಬರೆಯುತ್ತದೆ. ಅದಕ್ಕೆ ಅರ್ಥವಾಗದ ತುಂಡುಗಳನ್ನು ಕತ್ತರಿಸಿಯೂ ಹಾಕಬಹುದು. ಆದ್ದರಿಂದ ನಾನು ಯಾವಾಗಲೂ ಫೈಲಿನ ನಕಲನ್ನು ಬೇರೆ ಡಿಸ್ಕಿಗೆ ಹಾಕಿಕೊಂಡು ಆ ನಕಲಿನ ಮೇಲೆ ಮಾತ್ರ ಕೆಲಸ ಮಾಡುತ್ತೇನೆ. ಎರಡನೇ ಸಲ ಓಡಿಸುವುದಾದರೆ ಬ್ಯಾಕಪ್‌ಗೆ ಬೇರೆ ಹೆಸರು ಕೊಡಬೇಕು. ಇಲ್ಲದಿದ್ದರೆ ಮೊದಲ ಬ್ಯಾಕಪ್ ಅಳಿಸಿಹೋಗುವ ಅಪಾಯ ಇದೆ. ಡಿಸ್ಕೇ ಟಕ್ ಟಕ್ ಸದ್ದು ಮಾಡುತ್ತಿದ್ದರೆ ರಿಪೇರಿ ಟೂಲ್ ಹತ್ತಿರವೂ ಹೋಗಬಾರದು, ಯಂತ್ರ ಆರಿಸಿಬಿಡಬೇಕು. ಸದ್ದಿಲ್ಲದೆ ಅಲ್ಲಲ್ಲಿ ಓದಲಾಗದ ಜಾಗ ಮಾತ್ರ ಇದ್ದರೆ, ಡಿಸ್ಕನ್ನು ನಕಲು ಮಾಡುವ ಡಿಡಿರೆಸ್ಕ್ಯೂ ಅನ್ನುವ ಟೂಲ್ ಒಳ್ಳೆಯದು. ಅದು ಚೆನ್ನಾಗಿರುವ ಜಾಗಗಳನ್ನು ಮೊದಲು ನಕಲು ಮಾಡಿ, ಕೆಟ್ಟ ಜಾಗಗಳಿಗೆ ಆಮೇಲೆ ಬರುತ್ತದೆ.

ಫೈಲ್ ಯಾವ ಜಾತಿಯದು ಅಂತಲೂ ಮೊದಲೇ ಕೇಳಬೇಕು. ಓಎಸ್‌ಟಿ ಆದರೆ ಅದು ಸರ್ವರಿನಲ್ಲಿರುವುದರ ನಕಲು ಅಷ್ಟೇ. ಔಟ್‌ಲುಕ್ ಮುಚ್ಚಿ, ಹಳೆಯದರ ಹೆಸರು ಬದಲಿಸಿ ಮತ್ತೆ ತೆರೆದರೆ ಔಟ್‌ಲುಕ್ ಎಲ್ಲವನ್ನೂ ಸರ್ವರಿನಿಂದ ಇಳಿಸಿಕೊಳ್ಳುತ್ತದೆ. ಮೇಲನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಅಲ್ಲೇ ಇಡುವ ಪಾಪ್ ಖಾತೆಯ ಪಿಎಸ್‌ಟಿ ಹಾಗಲ್ಲ. ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಸರ್ವರಿನಲ್ಲಿ 14 ದಿನದ ಮೇಲ್ ಮಾತ್ರ ಉಳಿದಿರುತ್ತದೆ. ಕಳಿಸಿದ ಮೇಲ್‌ನ ನಮ್ಮ ಪ್ರತಿ ಅಂತೂ ಸಾಮಾನ್ಯವಾಗಿ ಆ ಕಂಪ್ಯೂಟರಿನಲ್ಲಿ ಬಿಟ್ಟರೆ ಬೇರೆಲ್ಲೂ ಇರುವುದಿಲ್ಲ. ನಮ್ಮೂರಿನಲ್ಲಿ ಇಂಥ ಖಾತೆಗಳೇ ಜಾಸ್ತಿ.

ಈಗ ಒಳಗಿನ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು. ಪಿಎಸ್‌ಟಿ ಫೈಲಿನೊಳಗೆ ಎರಡು ಮುಖ್ಯ ಪಟ್ಟಿಗಳಿವೆ. ಯಾವ ಯಾವ ವಸ್ತು ಇದೆ ಅನ್ನುವುದು ಒಂದು, ಅದರ ಮಾಹಿತಿ ಫೈಲಿನ ಯಾವ ಜಾಗದಲ್ಲಿದೆ ಅನ್ನುವುದು ಇನ್ನೊಂದು. ಕರೆಂಟ್ ಹೋದಾಗ ಹೆಚ್ಚಾಗಿ ಕೆಡುವುದು ಈ ಪಟ್ಟಿಗಳು. ಗೋಡೌನಿನಲ್ಲಿ ಚೀಲಗಳಿದ್ದು ರಿಜಿಸ್ಟರಿನ ಹಾಳೆ ಹರಿದಂತೆ. ಮಾಹಿತಿಯ ಒಂದೊಂದು ತುಂಡೂ 8 ಕೆಬಿ ಮೀರುವುದಿಲ್ಲ. ಪ್ರತಿ ತುಂಡಿನ ಕೊನೆಗೆ ಅದರ ಸ್ವಂತ ನಂಬರೂ, ಹಾಳಾಗಿಲ್ಲ ಅಂತ ಪರೀಕ್ಷಿಸುವ ಅಂಕಿಯೂ ಇರುತ್ತದೆ. ಹಾಗಾಗಿ ಪಟ್ಟಿ ಹೋದರೂ ಫೈಲನ್ನು ಮೊದಲಿಂದ ಕೊನೆವರೆಗೆ ಜಾಲಾಡಿ ತುಂಡುಗಳನ್ನು ಗುರುತಿಸಬಹುದು.

ಮೇಲ್‌ನ ಅಕ್ಷರಗಳು ಬಂದರೂ ಅಟ್ಯಾಚ್‌ಮೆಂಟ್ ಬಾರದಿರುವುದಕ್ಕೂ ಇದೇ ಕಾರಣ. ಚಿಕ್ಕ ಮೇಲ್ ಒಂದೆರಡು ತುಂಡಿನಲ್ಲಿ ಮುಗಿಯುತ್ತದೆ. ಸ್ಕ್ಯಾನ್ ಮಾಡಿದ ದೊಡ್ಡ ಪಿಡಿಎಫ್ ನೂರಾರು ತುಂಡುಗಳಲ್ಲಿ ಹರಡಿರುತ್ತದೆ. ಅವುಗಳ ಕ್ರಮ ಹೇಳುವ ತುಂಡು ಕೆಟ್ಟರೆ ಪಿಡಿಎಫ್ ಕೈಬಿಟ್ಟ ಹಾಗೆ. ಅಂಥವನ್ನು ಆ ಕಡೆಯ ಪಾರ್ಟಿಯಿಂದ ಮತ್ತೆ ತರಿಸಿಕೊಳ್ಳುವುದೇ ಬೇಗ.

ಫೋಲ್ಡರಿಗೆ ಬರೋಣ. ವಸ್ತುಗಳ ಪಟ್ಟಿಯಲ್ಲಿ ಪ್ರತಿ ಮೇಲ್ ಪಕ್ಕದಲ್ಲಿ ಅದರ ತಾಯಿ ಫೋಲ್ಡರಿನ ನಂಬರ್ ಬರೆದಿರುತ್ತದೆ. ಫೋಲ್ಡರಿನ ಹೆಸರು ಮಾತ್ರ ಬೇರೆ ಕಡೆ ಇರುತ್ತದೆ. ಹೆಸರಿರುವ ತುಂಡು ಹಾಳಾದರೆ ಮೇಲ್‌ಗಳು ಅನಾಥವಾಗಿ ಲಾಸ್ಟ್ ಅಂಡ್ ಫೌಂಡ್‌ಗೆ ಬೀಳುತ್ತವೆ. ಆದರೆ ತಾಯಿ ನಂಬರ್ ಉಳಿದಿರಬಹುದು, ಅಲ್ವಾ? ಈ ಫೈಲ್ ರಚನೆಯ ವಿವರವನ್ನು ಮೈಕ್ರೋಸಾಫ್ಟ್ 2010ರಲ್ಲಿ ಪ್ರಕಟಿಸಿದೆ. ಅದನ್ನು ನೋಡಿಕೊಂಡು ಒಂದು ಸಣ್ಣ ಪ್ರೋಗ್ರಾಂ ಬರೆದುಕೊಂಡಿದ್ದೇನೆ. ಬಿಎಕೆ ಫೈಲಿನ ನಕಲಿನ ಮೇಲೆ ಅದನ್ನು ಓಡಿಸಿದೆ. ರಾಶಿಯಲ್ಲಿದ್ದ ಮೇಲ್‌ಗಳು ನಂಬರ್ ಪ್ರಕಾರ ಗುಂಪುಗುಂಪಾಗಿ ಬಿಡಿಸಿಕೊಂಡವು. ಹೆಸರಿಲ್ಲ, ಬರೀ ನಂಬರ್.

ಇಲ್ಲಿಂದ ಮುಂದೆ ಸಾಫ್ಟ್‌ವೇರ್ ಉಪಯೋಗಕ್ಕೆ ಬರುವುದಿಲ್ಲ. ಪ್ರತಿ ಗುಂಪಿನ ಮೊದಲ ಮತ್ತು ಕೊನೆಯ ಕೆಲವು ಮೇಲ್‌ಗಳ ವಿಷಯ, ತಾರೀಕು, ಕಳಿಸಿದವರ ಹೆಸರು ಒಂದು ಹಾಳೆಯಲ್ಲಿ ತೆಗೆದು, ಲೆಕ್ಕದ ಅಕ್ಕನ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ. "ಅಕ್ಕಾ, ಇದು ಯಾವುದು ನೋಡಿ" ಅಂದರೆ ಸಾಕು. "ಇದು ನಾಮಕ್ಕಲ್ ಪಾರ್ಟಿ, ಕಡಿತದ್ದು. ಆ ವರ್ಷ ಮಳೆ ಹಿಡಿದು ಮಾಲೆಲ್ಲ ಹಸಿಯಾಗಿತ್ತು ತಮ್ಮಾ" ಅಂತ ಥಟ್ಟನೆ ಹೇಳುತ್ತಿದ್ದರು. ಒಂದು ಗುಂಪಿನಲ್ಲಿ ಮೂರು ಬೇರೆ ಬೇರೆ ಕಂಪನಿಗಳ ಮೇಲ್ ಇದ್ದವು. ನಾನು ಪ್ರೋಗ್ರಾಂ ತಪ್ಪಿರಬಹುದು ಅಂದೆ. ಅಕ್ಕ ನೋಡಿ, "ಇಲ್ಲ, ಇವೆಲ್ಲ ಒಂದೇ ಲಾರಿ ಆಫೀಸಿನ ಜಗಳದವು, ನಾನೇ ಒಂದು ಕಡೆ ಇಟ್ಟಿದ್ದೆ" ಅಂದರು. ಕಳಿಸಿದವರ ಹೆಸರಿನ ಮೇಲೆ ತಾನಾಗಿ ಫೋಲ್ಡರ್ ಮಾಡಿಕೊಡುವ ರೆಡಿಮೇಡ್ ಉಪಾಯಗಳಿವೆ. ಅದನ್ನು ಮಾಡಿದ್ದರೆ ಆ ಗುಂಪು ಚದುರಿ, ಜಗಳದ ಪೂರ್ತಿ ಕಥೆಯೇ ಕೈತಪ್ಪುತ್ತಿತ್ತು. ಇಂಥ ಕೆಲಸದಲ್ಲಿ ಬಿಲ್ ಬರೆಯುವವರ, ಫೈಲ್ ಜೋಡಿಸುವವರ ನೆನಪಿಗೆ ನಾನು ಟೂಲ್‌ಗಳಿಗಿಂತ ಜಾಸ್ತಿ ಬೆಲೆ ಕೊಡುತ್ತೇನೆ. ಮಾಲೀಕರ ಜೊತೆ ಮಾತಾಡಿ ಮುಗಿಸಿ ಬರುವ ಟೆಕ್ನಿಷಿಯನ್‌ಗಳು ಅರ್ಧ ಕೆಲಸ ಬಿಟ್ಟು ಬರುತ್ತಾರೆ.

ಹೆಸರಿಟ್ಟ ಗುಂಪುಗಳನ್ನು ಹೊಸ ಪಿಎಸ್‌ಟಿಗೆ ಸೇರಿಸಿದೆವು. ರಿಪೇರಿಯಾದ ಹಳೇ ಫೈಲನ್ನು ದಿನದ ಕೆಲಸಕ್ಕೆ ಮತ್ತೆ ಬಳಸಬಾರದು, ಅದು ಮತ್ತೆ ಕೈಕೊಡಬಹುದು. ಯಾವುದೆಂದು ಗುರುತು ಸಿಗದ ಕೆಲವು ಗುಂಪುಗಳನ್ನು ನಂಬರ್ ಹೆಸರಿನಲ್ಲೇ ಬಿಟ್ಟಿದ್ದೇವೆ, ಸುಮ್ನೆ ಊಹಿಸಿ ಹೆಸರಿಡಲಿಲ್ಲ.

ಈಗ ಆ ಆಫೀಸಿನಲ್ಲಿ ವರ್ಷಕ್ಕೊಂದು ಪಿಎಸ್‌ಟಿ. ಔಟ್‌ಲುಕ್ 2010ರಿಂದ ಮಿತಿ 50 ಜಿಬಿ ಇದೆ, ಆದರೆ ಮಿತಿ ತನಕ ತುಂಬಿಸುವ ಅಗತ್ಯ ಇಲ್ಲ. ಫೈಲ್ ಚಿಕ್ಕದಾದಷ್ಟೂ ರಿಪೇರಿ ಬೇಗ, ನಷ್ಟ ಕಡಿಮೆ. ಆಫೀಸಿನ ನೆಟ್‌ವರ್ಕ್ ಡ್ರೈವಿನಲ್ಲಿ ಪಿಎಸ್‌ಟಿ ಇಟ್ಟು ತೆರೆಯುವುದನ್ನೂ ನಾನು ನಿಲ್ಲಿಸಿದೆ. ಶನಿವಾರ ಸಂಜೆ ಔಟ್‌ಲುಕ್ ಮುಚ್ಚಿದ ಮೇಲೆ ನಕಲು ತೆಗೆಯುತ್ತಾರೆ, ಎರಡು ಡಿಸ್ಕಿಗೆ ವಾರ ಬಿಟ್ಟು ವಾರ. ಔಟ್‌ಲುಕ್ ತೆರೆದಿರುವಾಗ ತೆಗೆದ ನಕಲನ್ನು ನಂಬುವ ಹಾಗಿಲ್ಲ. ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿಸಿದ್ದಾರೆ.