ಜಾನ್ಸನ್ ಅವರಿಗೆ ಮೊದಲೇ ಗೊತ್ತಿತ್ತು

ವಿಯೆಟ್ನಾಂ ಯುದ್ಧದ ವಿಷಯದಲ್ಲಿ ನನ್ನನ್ನು ಜಾಸ್ತಿ ಕಾಡುವುದು 1964ರ ಮೇ ತಿಂಗಳ ಒಂದು ಫೋನ್ ಮಾತುಕತೆ. ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ ತಮ್ಮ ಭದ್ರತಾ ಸಲಹೆಗಾರ ಮೆಕ್‌ಜಾರ್ಜ್ ಬಂಡಿ ಹತ್ತಿರ, ಇದು ಹೊಡೆದಾಡುವಷ್ಟು ದೊಡ್ಡ ವಿಷಯ ಅಂತ ನನಗೆ ಅನ್ನಿಸುತ್ತಿಲ್ಲ, ಆದರೆ ಬಿಟ್ಟು ಬರೋಕೂ ಆಗಲ್ಲ ಅನ್ನುವ ಅರ್ಥದ ಮಾತಾಡುತ್ತಾರೆ. ಟೇಪಿನಲ್ಲಿ ದಾಖಲಾಗಿರುವ ಮಾತು ಇದು. ಈ ಅನುಮಾನವನ್ನು ಅವರು ಜನರ ಮುಂದೆ ಇಡಲೇ ಇಲ್ಲ.

ಆ ವರ್ಷದ ಚುನಾವಣೆಯಲ್ಲಿ ಹೇಳಿದ್ದೇ ಬೇರೆ. ಏಷ್ಯಾದ ಹುಡುಗರು ಮಾಡಬೇಕಾದ ಕೆಲಸಕ್ಕೆ ನಮ್ಮ ಹುಡುಗರನ್ನು ಅಷ್ಟು ದೂರ ಕಳಿಸಲ್ಲ ಅಂದರು. ಜನ ನಂಬಿದರು, ಶೇ. 61ರಷ್ಟು ಮತ ಕೊಟ್ಟರು. 1965ರ ಮಾರ್ಚ್‌ನಲ್ಲಿ ವಿಯೆಟ್ನಾಂನ ಡಾ ನಾಂಗ್‌ನಲ್ಲಿ ಅಮೆರಿಕದ ಮರೀನ್ ಸೈನಿಕರು ಇಳಿದರು. 1968ರಲ್ಲಿ ಅಲ್ಲಿದ್ದ ಅಮೆರಿಕನ್ ಸೈನಿಕರ ಸಂಖ್ಯೆ 5 ಲಕ್ಷ ದಾಟಿತ್ತು.

ಯುದ್ಧ ಗೆಲ್ಲಲಿಲ್ಲ, ಅದಕ್ಕೇ ಜನ ಜಾನ್ಸನ್ ಅವರನ್ನು ಕೈಬಿಟ್ಟರು ಅಂತ ಸುಮ್ನೆ ಹೇಳಿಬಿಡುತ್ತಾರೆ. ನಾನು ಒಪ್ಪಲ್ಲ. ಸರ್ಕಾರ ಹೇಳಿದ್ದಕ್ಕೂ ಟಿವಿಯಲ್ಲಿ ಕಂಡಿದ್ದಕ್ಕೂ ತಾಳೆಯೇ ಆಗಲಿಲ್ಲ ಅಲ್ವಾ? 1967ರ ನವೆಂಬರ್‌ನಲ್ಲಿ ಅಲ್ಲಿನ ಅಮೆರಿಕನ್ ಪಡೆಗಳ ಮುಖ್ಯಸ್ಥ ಜನರಲ್ ವೆಸ್ಟ್‌ಮೋರ್‌ಲ್ಯಾಂಡ್ ವಾಷಿಂಗ್ಟನ್‌ಗೆ ಬಂದು, ಯುದ್ಧದ ಕೊನೆ ಕಣ್ಣಿಗೆ ಕಾಣತೊಡಗಿದೆ ಅಂದರು. ಮೂರು ತಿಂಗಳೂ ಆಗಿರಲಿಲ್ಲ, ವಿಯೆಟ್ನಾಂನ ಹೊಸ ವರ್ಷದ ಹಬ್ಬ ಟೆಟ್ ಹೊತ್ತಿಗೆ ದಕ್ಷಿಣ ವಿಯೆಟ್ನಾಂನ ಉದ್ದಗಲಕ್ಕೂ ಕಮ್ಯುನಿಸ್ಟ್ ಪಡೆಗಳ ದಾಳಿ ಒಟ್ಟೊಟ್ಟಿಗೆ ಶುರುವಾಯಿತು, ಅವರು ರಾಜಧಾನಿ ಸೈಗಾನ್‌ನ ಅಮೆರಿಕನ್ ರಾಯಭಾರ ಕಚೇರಿಯ ಗೋಡೆಯನ್ನೇ ಒಡೆದು ಕಾಂಪೌಂಡಿನೊಳಗೆ ನುಗ್ಗಿದರು. ದಾಳಿಯನ್ನು ಹಿಮ್ಮೆಟ್ಟಿಸಿದ್ದು ನಿಜ. ಆದರೆ ಅಷ್ಟು ಹೊತ್ತಿಗೆ ಮನೆಮನೆಯಲ್ಲಿ ಆ ದೃಶ್ಯ ನೋಡಿಯಾಗಿತ್ತು.

1968ರ ಮಾರ್ಚ್ 12ರಂದು ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ, ಅಧ್ಯಕ್ಷ ಸ್ಥಾನದ ಅಭ್ಯರ್ಥಿಯನ್ನು ಆರಿಸುವ ಜಾನ್ಸನ್ ಅವರದೇ ಪಕ್ಷದ ಒಳಚುನಾವಣೆಯಲ್ಲಿ, ಯುದ್ಧ ಬೇಡ ಅಂತ ನಿಂತ ಯೂಜೀನ್ ಮೆಕಾರ್ಥಿ ಶೇ. 42ರಷ್ಟು ಮತ ತೆಗೆದುಕೊಂಡರು. ನಾಲ್ಕೇ ದಿನಕ್ಕೆ ಅದೇ ಪಕ್ಷದ ರಾಬರ್ಟ್ ಕೆನಡಿಯೂ ಕಣಕ್ಕಿಳಿದರು.

ಮಾರ್ಚ್ 31ರ ಬೆಳಗ್ಗೆ ಜಾನ್ಸನ್ ಅವರ ಮಗಳು ಲಿಂಡಾ, ವಿಯೆಟ್ನಾಂಗೆ ಹೊರಟ ಗಂಡನನ್ನು ಕ್ಯಾಲಿಫೋರ್ನಿಯಾದಲ್ಲಿ ಬೀಳ್ಕೊಟ್ಟು ರಾತ್ರಿ ವಿಮಾನದಲ್ಲಿ ಶ್ವೇತಭವನಕ್ಕೆ ಬಂದಿಳಿದರು. ಆಗ ಅವರು ಬಸುರಿ. ಆ ರಾತ್ರಿಯೇ ಅಪ್ಪ ಟಿವಿಯಲ್ಲಿ, ಪಕ್ಷದ ಟಿಕೆಟ್ ಕೇಳುವುದೂ ಇಲ್ಲ, ಕೊಟ್ಟರೆ ತೆಗೆದುಕೊಳ್ಳುವುದೂ ಇಲ್ಲ ಅಂದುಬಿಟ್ಟರು.

ಕಪ್ಪು ಜನರಿಗೆ ಮತದ ಹಕ್ಕನ್ನು ಗಟ್ಟಿ ಮಾಡಿದ 1965ರ ಕಾಯ್ದೆ, ವಯಸ್ಸಾದವರಿಗೆ ಮೆಡಿಕೇರ್ ಅನ್ನುವ ಸರ್ಕಾರಿ ಆರೋಗ್ಯ ವಿಮೆ, ಎಲ್ಲವೂ ಇದೇ ಮನುಷ್ಯನ ಕಾಲದ್ದು. ಅದು ಗೊತ್ತಿರುವುದರಿಂದಲೇ ನನಗೆ ಸಂಕಟ ಜಾಸ್ತಿ. ಇಂಥವರ ಮನೆ ಮುಂದೆ ಹುಡುಗರು, ಇವತ್ತು ಎಷ್ಟು ಮಕ್ಕಳನ್ನು ಕೊಂದೆ ಅಂತ ಕೂಗುತ್ತಿದ್ದರು. ಆ ಕೂಗು ತಪ್ಪು ಅನ್ನೋಕೆ ನನಗೆ ಬಾಯಿ ಬರಲ್ಲ.