ಚಿಂಚೋಳಿ ಕಾಡಿಗೆ ಆರ್ಕಿಡ್ ನೋಡಲು ಹೋಗುವವರಿಗೆ

ಕಲಬುರಗಿಯ ಬಿಸಿಲಲ್ಲಿ ಆರ್ಕಿಡ್ ಎಲ್ಲಿಂದ ಬಂತು ಅಂತ ಕೇಳುವವರೇ ಜಾಸ್ತಿ. ನಮ್ಮ ಜಿಲ್ಲೆಯಲ್ಲೇ, ತೆಲಂಗಾಣದ ಗಡಿಗೆ ಅಂಟಿಕೊಂಡು, ಚಿಂಚೋಳಿ ವನ್ಯಜೀವಿ ಧಾಮ ಇದೆ. ಸುಮಾರು 135 ಚದರ ಕಿಲೋಮೀಟರ್ ಕಾಡು. ಮೇ ಮೊದಲ ವಾರ ನಾನು ಮತ್ತು ತಂಗಿ ಶನಿವಾರ, ಭಾನುವಾರ ಅಲ್ಲಿ ನಡೆದು ಬಂದೆವು.

ಕಲಬುರಗಿಯಿಂದ ಚಿಂಚೋಳಿಗೆ 85 ಕಿ.ಮೀ. ಆಸುಪಾಸು. ಅಲ್ಲಿವರೆಗೆ ಬಸ್ಸಿದೆ. ಧಾಮದೊಳಗಿನ ಚಂದ್ರಂಪಳ್ಳಿ ಅಣೆಕಟ್ಟಿನ ಕಡೆ ಹೋಗಲು ಸ್ವಂತ ಗಾಡಿ ಇದ್ದರೆ ಅನುಕೂಲ. ಧಾಮದ ಒಳಗೆ ನಡೆಯಲು ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆಯಿರಿ, ಇಲಾಖೆಯವರೊಬ್ಬರನ್ನು ಜೊತೆಗೆ ಕಳಿಸಿ ಅಂತಲೂ ಕೇಳಿಕೊಳ್ಳಿ. ಬೆಳಿಗ್ಗೆ ಆರಕ್ಕೆ ಶುರುಮಾಡಿ, ಹತ್ತರೊಳಗೆ ಮುಗಿಸಿ. ಆಮೇಲೆ ಬಿಸಿಲು 42 ಡಿಗ್ರಿ ದಾಟುವ ದಿನಗಳಿವು. ಒಬ್ಬರಿಗೆ ಮೂರು ಲೀಟರ್ ನೀರು ಬೇಕೇ ಬೇಕು. ನಾವು ಖಟಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡಿದ್ದೆವು. ಬಿಸಿಲಿಗೂ ಅವು ಕೆಡಲಿಲ್ಲ.

ಮೊದಲ ದಿನ ತೇಗದ ನಡುವೆ ಮೂರು ತಾಸು ತಿರುಗಿದೆವು. ಒಣ ಎಲೆ ಕಾಲಡಿ ಚರಚರ ಅಂದಿದ್ದಷ್ಟೇ, ಒಂದು ಹೂವೂ ಇಲ್ಲ. ವಾಪಸ್ ಬರುವಾಗ ಆಡು ಮೇಯಿಸುವ ಮುತ್ಯಾ ಒಬ್ಬರು ಸಿಕ್ಕರು.

“ಮುತ್ಯಾ, ಮರದ ಮ್ಯಾಲ ಬೆಳಿಯೋ ಹೂವು ಎಲ್ಯಾದ್ರೂ ನೋಡೀರೇನ್ರಿ?”

“ಬಂದನಿಕಿ ಏನವ್ವಾ? ಅದು ಸಾಗವಾನಿಗಿ ಎಲ್ಲಿ ಹತ್ತತದ. ಹಳ್ಳದ ದಂಡಿಗಿ ಹಳೀ ಮಾವಿನ ಗಿಡ ಅವ, ಅಲ್ಲಿ ನೋಡ್ರಿ.”

ಮರುದಿನ ಹಳ್ಳದ ದಂಡೆಗೆ ಹೋದೆವು. ಎರಡನೇ ಮಾವಿನ ಮರದಲ್ಲೇ ಸಿಕ್ಕಿತು, ವಾಂಡಾ ಟೆಸೆಲ್ಲಾಟಾ ಅನ್ನೋ ಆರ್ಕಿಡ್. ಹಳದಿ ಹಸಿರು ಎಸಳು, ಅದರ ಮೇಲೆ ಕಂದು ಬಣ್ಣದ ಚೌಕಳಿ ಗೆರೆ, ನಡುವೆ ತುಟಿಯಂಥ ನೀಲಿ ನೇರಳೆ ಎಸಳು. ಒಂದೇ ದಂಟಿನಲ್ಲಿ ಏಳು ಹೂ. ಎಂಥ ಬರಡು ಬೇಸಿಗೆಯಲ್ಲಿ ಎಂಥ ಹೂವು! ತಂಗಿ ಕೆಳಗಿನ ಕೊಂಬೆಗೆ ಮೂಗು ಹತ್ತಿರ ಮಾಡಿ, ಮಾಗಿದ ದ್ರಾಕ್ಷಿ ವಾಸನೆ ಅಂದಳು. ನನಗೂ ಹಾಗೇ ಅನಿಸಿತು.

ಒಂದು ವಿಷಯ ಗೊತ್ತಿರಲಿ. ನಮ್ಮ ಕಡೆ ಆರ್ಕಿಡ್‌ಗೂ ಬಂದನಿಕೆ ಅಂತಾರೆ, ಮರದ ರಸ ಹೀರುವ ಬೇರೊಂದು ಗಿಡಕ್ಕೂ ಅದೇ ಹೆಸರು. ರಸ ಹೀರುವ ಗಿಡದ ಬೇರು ಕೊಂಬೆಯೊಳಗೇ ಹೊಕ್ಕಿರುತ್ತದೆ. ಆರ್ಕಿಡ್ ಹಾಗಲ್ಲ. ಅದರ ದಪ್ಪ ಬಿಳಿ ಬೇರು ತೊಗಟೆಯ ಮೇಲೆ ಸುಮ್ನೆ ತಬ್ಬಿಕೊಂಡಿರುತ್ತದೆ, ಮಳೆನೀರು, ಇಬ್ಬನಿ ಕುಡಿದು ಬದುಕುತ್ತದೆ. ಆ ಬೇರಿನ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ, ಬಿಳಿ ಹೋಗಿ ಹಸಿರಾಗುತ್ತದೆ. ಮರಕ್ಕೆ ಕೇಡು ಅಂತ ಕಿತ್ತೆಸೆಯುವವರಿದ್ದಾರೆ, ಔಷಧಿಗೆ ಅಂತ ಬೇರು ಕೀಳುವವರೂ ಇದ್ದಾರೆ. ದಯವಿಟ್ಟು ಒಂದು ಎಲೆಯನ್ನೂ ಮುಟ್ಟಬೇಡಿ. ಇದರ ಬೀಜ ಧೂಳಿನಷ್ಟು ಸಣ್ಣದು, ಒಂದು ಬಗೆಯ ಶಿಲೀಂಧ್ರದ ಜೊತೆ ಸಿಗದೇ ಮೊಳೆಯುವುದೇ ಇಲ್ಲ. ಅಷ್ಟು ಕಷ್ಟದಲ್ಲಿ ಹುಟ್ಟುವ ಗಿಡ ಅಲ್ವಾ?

ಬೈನಾಕ್ಯುಲರ್ ಇದ್ದರೆ ಒಯ್ಯಿರಿ, ಹೆಚ್ಚಿನವು ಎತ್ತರದಲ್ಲೇ ಇರುತ್ತವೆ. ಫೋಟೋ ಹಾಕುವಾಗ ಮರ ಇರುವ ಜಾಗ ಬರೆಯಬೇಡಿ.

ವಾಪಸ್ ಬರುವ ದಾರಿಯಲ್ಲಿ ಗಾಳಿಗೆ ಮುರಿದು ಬಿದ್ದ ಕೊಂಬೆಯೊಂದರಲ್ಲಿ ಇದೇ ಗಿಡ ಕಂಡಿತು, ಬೇರು ಇನ್ನೂ ಹಸಿ. ಜೊತೆಗಿದ್ದ ಗಾರ್ಡ್ ಅಣ್ಣ ಕೊಂಬೆಯ ಸಮೇತ ಎತ್ತಿ ಪಕ್ಕದ ಮಾವಿನ ಕವಲಿಗೆ ಹಗ್ಗದಿಂದ ಕಟ್ಟಿದರು. ಅದು ಹಿಡಿದುಕೊಂಡಿತಾ ಅಂತ ನೋಡಲು ಜುಲೈನಲ್ಲಿ ಮತ್ತೆ ಹೋಗುತ್ತೇವೆ. ಈಗ ಒಣಗಿರುವ ಎತ್ತಿಪೋತ ಜಲಪಾತಕ್ಕೂ ಆಗ ನೀರು ಬಂದಿರುತ್ತದೆ.